ರಾಸ್‌ಬೆರಿ ಕಿತ್ತ ಮೇಲೆ ತೊಟ್ಟು ನೋಡಿ

ಅಮೆರಿಕದ ಆರಿಗನ್‌ನಲ್ಲಿ ಮನೆ ಮಾಡಿದ ಮೇಲೆ ಹಿತ್ತಲಲ್ಲಿ ಹತ್ತು ರಾಸ್‌ಬೆರಿ ಗಿಡ ಹಾಕಿದ್ದೆವು. ಹೆರಿಟೇಜ್ ತಳಿ, ಬೇಸಿಗೆ ಮುಗಿಯುವ ಹೊತ್ತಿಗೆ ಹಣ್ಣು ಬಿಡುತ್ತದೆ. ಹೋದ ಸೆಪ್ಟೆಂಬರ್‌ನಲ್ಲಿ ಮನೆಗೆ ಬಂದವರಿಗೆ ಬೋಗುಣಿ ತುಂಬ ಕಿತ್ತುಕೊಟ್ಟೆ. ಎಲ್ಲರೂ ಚಪ್ಪರಿಸಿದರು. ಉಳಿದಿದ್ದನ್ನು ಜಾಮ್ ಮಾಡೋಣ ಅಂತ, ಹೂಕೋಸಿಗೆ ಮಾಡುವ ಹಾಗೆ ಸುಮ್ನೆ ಉಪ್ಪುನೀರಿಗೆ ಹಾಕಿದೆ. ಕಾಲು ಗಂಟೆ ಬಿಟ್ಟು ನೋಡಿದರೆ, ಶಾವಿಗೆ ಚೂರಿನಂಥ ಬಿಳಿ ಹುಳಗಳು ಹಣ್ಣಿನಿಂದ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಹಾಲ್‌ನಲ್ಲಿ ಇನ್ನೂ ಕಾಫಿ ನಡೀತಿತ್ತು. ಹೇಳಲು ಬಾಯಿ ಬರಲಿಲ್ಲ. ಅವತ್ತು ಬಂದವರು ಇದನ್ನು ಓದುತ್ತಿದ್ದರೆ ಕ್ಷಮಿಸಿಬಿಡಿ.

ಇದು ಚುಕ್ಕೆ ರೆಕ್ಕೆಯ ಹಣ್ಣು ನೊಣದ ಕೆಲಸ. ಏಷ್ಯಾದಿಂದ ಬಂದ ಕೀಟ, ಆರಿಗನ್‌ನಲ್ಲಿ ಮೊದಲು ಕಂಡಿದ್ದು 2009ರಲ್ಲಿ. ಬಾಳೆಹಣ್ಣಿನ ಮೇಲೆ ಹಾರಾಡುವ ನೊಣದಷ್ಟೇ ಗಾತ್ರ. ಗಂಡಿನ ಎರಡೂ ರೆಕ್ಕೆ ತುದಿಯಲ್ಲಿ ಒಂದೊಂದು ಕಪ್ಪು ಚುಕ್ಕೆ. ಹೆಣ್ಣಿಗೆ ಚುಕ್ಕೆ ಇಲ್ಲ, ಮೊಟ್ಟೆ ಇಡೋದಕ್ಕೆ ಗರಗಸದ ಹಲ್ಲಿನಂಥ ಕೊಳವೆ ಇದೆ. ಬಾಳೆಹಣ್ಣಿನ ನೊಣ ಕೊಳೆಯಲಿ ಅಂತ ಕಾಯುತ್ತೆ. ಇದು ಆಗಷ್ಟೇ ಕೆಂಪಾಗುತ್ತಿರುವ ಗಟ್ಟಿ ಹಣ್ಣನ್ನೇ ಕೊರೆದು ಮೊಟ್ಟೆ ಇಡುತ್ತೆ.

ಸೂಚನೆ ಕಣ್ಣ ಮುಂದೇ ಇತ್ತು. ಒಳ್ಳೆ ಹಣ್ಣು ಕಿತ್ತರೆ ಗಿಡದಲ್ಲಿ ಉಳಿಯುವ ತೊಟ್ಟು ಬೆಳ್ಳಗಿರುತ್ತೆ. ನಮ್ಮದರಲ್ಲಿ ಕೆಂಪು ರಸ ಅಂಟಿತ್ತು. ಹಣ್ಣು ಚೆನ್ನಾಗಿ ಕಳಿತಿದೆ ಅಂದುಕೊಂಡೆ!

ಅಂಗಡಿಯವನ ಮಾತು ಕೇಳಿ ವಿನೆಗರ್ ಬಲೆ (ವಿನೆಗರ್ ವಾಸನೆಗೆ ನೊಣ ಬಂದು ಬೀಳುವ ಡಬ್ಬಿ) ತಂದು ಗಿಡಗಳ ನಡುವೆಯೇ ನೇತುಹಾಕಿದೆ. ನೂರಾರು ಬಿದ್ದವು, ಹಣ್ಣಲ್ಲಿ ಹುಳ ಮಾತ್ರ ಕಮ್ಮಿ ಆಗಲಿಲ್ಲ. ನೊಣ ಬಂದಿದೆಯಾ ಅಂತ ತಿಳಿಯೋಕೆ ಆ ಬಲೆ ಸಾಕು, ಬೆಳೆ ಉಳಿಸೋಕೆ ಸಾಲದು. ಅದಕ್ಕಿಂತ ದೊಡ್ಡ ದಡ್ಡತನ, ಕೆಟ್ಟ ಹಣ್ಣನ್ನೆಲ್ಲ ಗಿಡದ ಬುಡಕ್ಕೇ ಗೊಬ್ಬರ ಆಗಲಿ ಅಂತ ಸುರಿದಿದ್ದು. ಬೆಚ್ಚಗಿದ್ದರೆ ಎರಡು ವಾರದೊಳಗೆ ಮೊಟ್ಟೆ ಹೋಗಿ ನೊಣ ಆಗುತ್ತೆ. ಸಾಕಿದವನು ನಾನೇ ಅಲ್ವಾ?

ಈ ವರ್ಷ ಒತ್ತಾಗಿದ್ದ ಕಡ್ಡಿಗಳನ್ನು ಸವರಿ ಗಾಳಿ ಬೆಳಕು ಬಿಟ್ಟೆ. ಹಣ್ಣಾದದ್ದನ್ನು ದಿನಾ ಕಿತ್ತು ಕೂಡಲೇ ಫ್ರಿಜ್‌ಗೆ ಇಡುತ್ತೇನೆ. ಕೆಟ್ಟದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿ ಬೇಯಿಸುತ್ತೇನೆ. ನೊಣ ನುಸುಳದಂಥ ಸಣ್ಣ ಕಣ್ಣಿನ ಪರದೆ ಹೊದಿಸಬಹುದು, ಆದರೆ ಈ ತಳಿಯಲ್ಲಿ ಹೂವು ಹಣ್ಣು ಒಟ್ಟಿಗೇ ಇರುತ್ತೆ, ಜೇನಿಗೂ ದಾರಿ ಮುಚ್ಚಿದ ಹಾಗೆ. ಸ್ಪಿನೋಸಾಡ್ ಅನ್ನೋ ಕೀಟನಾಶಕ ಹೊಡೆಯೋರು ಜೇನು ಗೂಡು ಸೇರಿದ ಮೇಲೆ ಸಂಜೆ ಹೊಡೀರಿ, ಹಸಿ ಇರುವಾಗ ಅದು ಜೇನಿಗೆ ವಿಷ. ಹೊಸದಾಗಿ ಗಿಡ ಹಾಕೋರು ಬೇಸಿಗೆ ಶುರುವಲ್ಲೇ ಹಣ್ಣು ಬಿಡುವ ತಳಿ ಹಾಕಿ. ನೊಣ ಜಾಸ್ತಿ ಆಗುವ ಹೊತ್ತಿಗೆ ಅದರ ಕೊಯ್ಲು ಹೆಚ್ಚುಕಮ್ಮಿ ಮುಗಿದಿರುತ್ತೆ.