ಎಸಿಎಲ್ ಆಪರೇಷನ್ ನಂತರ ಪ್ಯಾಚ್, ಸ್ಲೀವ್, ವಾಚ್: ಯಾವುದು ಕೆಲಸಕ್ಕೆ ಬಂತು?

ಎಸಿಎಲ್ ಅಂದರೆ ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಲಿಗಮೆಂಟ್. ಅದರ ಆಪರೇಷನ್ ಆದವರಿಗೆ ಗೊತ್ತು, ಕೈಕೊಡುವುದು ತೊಡೆಯ ಮುಂದಿನ ಕ್ವಾಡ್ ಸ್ನಾಯು. ಎಷ್ಟು ಬಿಗಿ ಹಿಡಿದರೂ ಅದು ಮಾತು ಕೇಳುವುದಿಲ್ಲ. ಮಂಡಿಯೊಳಗೆ ಊತ ಇರುವವರೆಗೆ ನರಗಳೇ ಆ ಸ್ನಾಯುವನ್ನು ತಡೆದಿಟ್ಟಿರುತ್ತವೆ. ಈ ಹಂತದಲ್ಲಿ ನನಗೆ ನೆರವಾದದ್ದು ಇಎಂಜಿ ಪ್ಯಾಚ್. ಸ್ನಾಯು ಬಿಗಿಯಾದಾಗ ಹುಟ್ಟುವ ಮೈಕ್ರೋವೋಲ್ಟ್ ಲೆಕ್ಕದ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ಹಿಡಿದು, ಫೋನಿನಲ್ಲಿ ಏರಿಳಿಯುವ ಗೆರೆಯಾಗಿ ತೋರಿಸುತ್ತದೆ. ತೊಡೆ ಅಲ್ಲಾಡಿದ್ದೇ ಕಾಣದಿದ್ದಾಗಲೂ ಗೆರೆ ಒಂಚೂರು ಏಳುತ್ತಿತ್ತು. ಅದನ್ನು ಇನ್ನಷ್ಟು ಏರಿಸುವ ಹಟವೇ ವ್ಯಾಯಾಮವಾಯಿತು.

ಕಾಟವೂ ಇದೆ. ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ ಅಂಟಿಸಬೇಕು. ಬೆವರಿದರೆ ಅಂಚು ಏಳುತ್ತದೆ, ಗೆರೆ ಹುಚ್ಚಾಪಟ್ಟೆ ಕುಣಿಯುತ್ತದೆ. ಎರಡು ಬೆರಳು ಅತ್ತಿತ್ತ ಆದರೂ ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ತಾಳೆಯಾಗುವುದಿಲ್ಲ. ಅದಕ್ಕೇ ನಮ್ಮ ಫಿಸಿಯೋ ಮೇಡಂ ಪೆನ್ನಿನಲ್ಲಿ ಗುರುತು ಹಾಕಿ, ಸರಿಯಿರುವ ಕಾಲಿಗೂ ಅದೇ ಜಾಗದಲ್ಲಿ ಅಂಟಿಸಿ ಹೋಲಿಸುತ್ತಿದ್ದರು. ಇನ್ನೊಂದು ವಿಷಯ: ಅದೇ ಭಾರ ಎತ್ತುತ್ತಾ ಸ್ನಾಯು ದಣಿದರೂ ಗೆರೆ ಏರುತ್ತದೆ. ಬಲ ಬಂತೆಂದು ಹಿಗ್ಗಬೇಡಿ.

ಸೆನ್ಸರ್ ಇರುವ ಮಂಡಿ ಸ್ಲೀವ್ ಹಾಕುವುದು ಸುಲಭ, ಪ್ಯಾಂಟ್ ಒಳಗೇ ಕೂರುತ್ತದೆ. ಮಂಡಿ ಎಷ್ಟು ಡಿಗ್ರಿ ಮಡಚಿತು, ಎಷ್ಟು ಸಲ ಎಂಬುದನ್ನು ಅಚ್ಚುಕಟ್ಟಾಗಿ ಹೇಳುತ್ತದೆ. ಸ್ನಾಯು ಮಾತ್ರ ಅದಕ್ಕೆ ಕಾಣಿಸದು. ಒಂದು ದಿನ ಎರಡನ್ನೂ ಹಾಕಿಕೊಂಡು ಸ್ಕ್ವಾಟ್ ಮಾಡಿದೆ. ಸ್ಲೀವ್ ಪ್ರಕಾರ 90 ಡಿಗ್ರಿ, ಭೇಷ್! ಪ್ಯಾಚ್ ನೋಡಿದರೆ ಆಪರೇಷನ್ ಆದ ತೊಡೆ ಅರ್ಧ ನಿದ್ದೆಯಲ್ಲಿತ್ತು, ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ. ಮೆಟ್ಟಿಲು ಹತ್ತುವ ಹಂತಕ್ಕೆ ಬಂದ ಮೇಲೆ ಸ್ಲೀವ್ ಚೆನ್ನ, ಅದಕ್ಕೆ ಮುಂಚೆ ದುಡ್ಡು ದಂಡ.

ಸ್ಮಾರ್ಟ್ ವಾಚ್? ಮಣಿಕಟ್ಟಿನಲ್ಲಿ ಹಸಿರು ದೀಪ ಬೀರಿ ನಾಡಿ ಎಣಿಸುವ ಯಂತ್ರಕ್ಕೆ ತೊಡೆಯ ಸಮಾಚಾರ ಎಲ್ಲಿಂದ ತಿಳಿಯಬೇಕು.

ಇವುಗಳ ನಡುವೆ ಮೇಡಂ ತೋರಿಸಿದ ಹಳೇ ಉಪಾಯವೂ ಒಂದಿದೆ: ಬಿಪಿ ನೋಡುವ ಪಟ್ಟಿಯನ್ನು ಸುತ್ತಿ ಮಂಡಿಯ ಕೆಳಗಿಟ್ಟು, ಸ್ವಲ್ಪ ಗಾಳಿ ತುಂಬಿ, ಮಂಡಿಯಿಂದ ಒತ್ತುವುದು. ಮುಳ್ಳು ಏರಿದರೆ ಒತ್ತಡ ಬಿತ್ತೆಂದು ಲೆಕ್ಕ. ಸೊಂಟದಿಂದ ಒತ್ತಿದರೂ ಮುಳ್ಳು ಏರುತ್ತದೆ, ಹಾಗಾಗಿ ಒಂದು ಕೈ ತೊಡೆಯ ಮೇಲಿರಲಿ, ಸ್ನಾಯು ಗಟ್ಟಿಯಾಯಿತೇ ಎಂದು ಮುಟ್ಟಿ ನೋಡಲು. ಪ್ಯಾಚ್ ಬೇಕೇ ಬೇಕೆಂದರೆ ಫಿಸಿಯೋ ಹತ್ತಿರ ಇರುವುದನ್ನೇ ಬಳಸಿ. ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್ ಪದೇ ಪದೇ ಕೊಳ್ಳಬೇಕು, ಆ ಖರ್ಚು ಡಬ್ಬದ ಮೇಲಿನ ಬೆಲೆಯಲ್ಲಿ ಸೇರಿರುವುದಿಲ್ಲ.