ಏನ್ ಓದ್ಬೇಕು ಅಂತ ಇನ್ನೂ ಗೊತ್ತಾಗಿಲ್ವಾ? ಬಿಇನಾ, ಬಿಎಸ್ಸಿನಾ

ಸೈನ್ಸ್ ಪಿಯುಸಿ ಮುಗೀತು, ಸಿಇಟಿ ರ‍್ಯಾಂಕೂ ಬಂತು, ಆದ್ರೆ ಯಾವ್ದು ಇಷ್ಟ ಅಂತ ತಿಳೀತಿಲ್ಲ ಅನ್ನೋರಿಗೆ ಇದು. ಬಿಇ ಅಂದ್ರೆ 4 ವರ್ಷ, ಆಪ್ಷನ್ ಎಂಟ್ರಿ (ಯಾವ ಸೀಟ್ ಬೇಕು ಅಂತ ಪಟ್ಟಿ ಹಾಕೋದು) ಮಾಡೋವಾಗ್ಲೇ ಕಾಲೇಜ್ ಜೊತೆ ಬ್ರಾಂಚೂ ಹಾಕ್ಬೇಕು, ಫಿಸಿಕ್ಸ್ ಸೈಕಲ್ಲು ಕೆಮಿಸ್ಟ್ರಿ ಸೈಕಲ್ಲು ಅನ್ನೋ ಮೊದಲ್ನೇ ವರ್ಷದ ಎರಡು ಸೆಮಿಸ್ಟರ್ ಮುಗ್ಸಿ ನಮ್ ಬ್ರಾಂಚ್ ಅಂದ್ರೆ ಏನು ಅಂತ ನಿಜವಾಗ್ಲೂ ನೋಡೋ ಹೊತ್ತಿಗೆ ಒಂದು ವರ್ಷ ಹೋಗಿರತ್ತೆ, ಆಮೇಲೆ ಬದ್ಲಾಯ್ಸೋದು ಸುಲಭ ಇಲ್ಲ.

ಬಿಎಸ್ಸಿ ಹಂಗಲ್ಲ. 2024-25ರಿಂದ ನಮ್ ರಾಜ್ಯದಲ್ಲಿ ಮತ್ತೆ 3 ವರ್ಷದ ಡಿಗ್ರಿ ಬಂದಿದೆ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್) ತಗೊಂಡ್ರೆ ಮೂರನ್ನೂ ಓದ್ತಾ ಯಾವ್ದು ಒಗ್ಗತ್ತೆ ಅಂತ ನೋಡ್ಬಹುದು, ಮುಂದೆ ಎಂಎಸ್ಸಿ, ಬಿಎಡ್, ಮ್ಯಾತ್ಸ್ ಇರೋದ್ರಿಂದ ಎಂಸಿಎ, ಕೆಎಎಸ್ ಎಲ್ಲಾ ಬಾಗ್ಲೂ ತೆಗ್ದೇ ಇರತ್ತೆ. ಸರ್ಕಾರಿ ಕಾಲೇಜಲ್ಲಿ ಫೀಸೂ ಕಮ್ಮಿ. ಆದ್ರೆ ಬರೀ ಬಿಎಸ್ಸಿಗೆ ಒಳ್ಳೆ ಕೆಲ್ಸ ಸಿಗೋದು ಕಷ್ಟ, ಇನ್ನೆರಡು ವರ್ಷ ಓದ್ಸೋಕೆ ಮನೇಲಿ ಆಗತ್ತಾ ಅಂತ ಈಗ್ಲೇ ಕೇಳ್ಕೊಳ್ಳಿ.

ಬ್ರಾಂಚ್ ಬಗ್ಗೆ ಮನಸ್ಸು ಗಟ್ಟಿ ಇದ್ರೆ ಬಿಇ. ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗ್ಲಿಲ್ಲ ಅಂತ ಸಿಕ್ಕಿದ್ದಕ್ಕೆ ಸೇರೋದಕ್ಕಿಂತ ಬಿಎಸ್ಸಿನೇ ವಾಸಿ, ನನ್ ತಂಗಿಗೂ ಇದನ್ನೇ ಹೇಳ್ದೆ. ಫೀಸ್ ಕಟ್ಟೋಕ್ ಮುಂಚೆ ಎರಡರದ್ದೂ ಮೂರನೇ ಸೆಮಿಸ್ಟರ್ ಸಿಲಬಸ್ ತೆಗ್ದು ಓದಿ, ಸೆಕೆಂಡ್ ಇಯರಲ್ಲಿರೋ ಯಾರಾದ್ರೂ ಸಿಕ್ಕಿದ್ರೆ ಒಂದರ್ಧ ಗಂಟೆ ಕೂತು ಮಾತಾಡಿ.