ಕ್ವಾಂಟಿಫೆರಾನ್ ಟಿಬಿ ಗೋಲ್ಡ್ ಪ್ಲಸ್: ದುಬಾರಿ, ಆದರೆ ನನ್ನ ಗೊಂದಲ ಬಿಡಿಸಿತು

ಅತ್ತೆಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾದ ಮೇಲೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು. ನನಗೆ ಕೆಮ್ಮಿಲ್ಲ, ಜ್ವರವಿಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ. ಆದರೆ ಮಾಂಟೂ ಎಂಬ ಚರ್ಮ ಪರೀಕ್ಷೆಗೆ ಚುಚ್ಚಿದ ಜಾಗ 12 ಮಿಲಿಮೀಟರ್ ಗಟ್ಟಿಯಾಗಿ ಉಬ್ಬಿತ್ತು. ಇದು ಸೋಂಕೋ, ಬಿಸಿಜಿ ಲಸಿಕೆಯ ಪರಿಣಾಮವೋ? ಅದಕ್ಕೇ ಡಾಕ್ಟರು ಕ್ವಾಂಟಿಫೆರಾನ್ ಎಂಬ ಈ ರಕ್ತ ಪರೀಕ್ಷೆ ಬರೆದುಕೊಟ್ಟರು.

ಮಾಂಟೂಗೆ ಬಳಸುವ ಪಿಪಿಡಿ ಅಂದರೆ ಟಿಬಿ ಬ್ಯಾಕ್ಟೀರಿಯಾದ ಹತ್ತಾರು ಪ್ರೋಟೀನುಗಳ ಮಿಶ್ರಣ. ಅದರಲ್ಲಿ ಎಷ್ಟೋ ಬಿಸಿಜಿಯಲ್ಲೂ ಇವೆ. ಹಾಗಾಗಿ ಲಸಿಕೆ ಹಾಕಿಸಿಕೊಂಡವರ ಕೈಯೂ ಉಬ್ಬಬಹುದು. ಈ ರಕ್ತ ಪರೀಕ್ಷೆಯಾದರೋ ಇಸ್ಯಾಟ್-6, ಸಿಎಫ್‌ಪಿ-10 ಎಂಬ ಎರಡೇ ಪ್ರೋಟೀನುಗಳ ತುಣುಕು ಬಳಸುತ್ತದೆ. ಟಿಬಿ ಬ್ಯಾಕ್ಟೀರಿಯಾ ಹೊರಗೆ ಬಿಡುವ ಪ್ರೋಟೀನುಗಳಿವು. ಬಿಸಿಜಿಯಲ್ಲಿ ಇವುಗಳ ಜೀನ್‌ಗಳೇ ಇಲ್ಲ. 1908ರಿಂದ 1921ರವರೆಗೆ ಫ್ರೆಂಚ್ ವಿಜ್ಞಾನಿಗಳಾದ ಕಾಲ್ಮೆಟ್ ಮತ್ತು ಗೆರಾನ್ ಬಿಸಿಜಿಯ ಬ್ಯಾಕ್ಟೀರಿಯಾ ತಳಿಯನ್ನು ಮತ್ತೆ ಮತ್ತೆ ಬೆಳೆಸುತ್ತಾ ಹೋದಾಗ ಈ ಜೀನ್‌ಗಳಿದ್ದ ಆರ್‌ಡಿ1 ಎಂಬ ಡಿಎನ್‌ಎ ಭಾಗ ಕಳಚಿಹೋಯಿತು. ಅದೇ ಇವತ್ತು ನಮ್ಮ ಉಪಯೋಗಕ್ಕೆ ಬಂದಿದೆ, ಎಷ್ಟು ಚೆಂದ ಅಲ್ವಾ!

ರಕ್ತ ತೆಗೆದಿದ್ದು ನಾಲ್ಕು ಟ್ಯೂಬಿಗೆ, ತಲಾ 1 ಮಿಲಿಲೀಟರ್. ಬೂದು, ಹಸಿರು, ಹಳದಿ, ನೇರಳೆ ಮುಚ್ಚಳ. ಪ್ರೋಟೀನ್ ತುಣುಕುಗಳು ಒಳಗೋಡೆಗೆ ಅಂಟಿರುತ್ತವೆ. ಅದಕ್ಕೇ ಟೆಕ್ನಿಷಿಯನ್ ಪ್ರತಿ ಟ್ಯೂಬನ್ನೂ ಹತ್ತು ಸಲ ಕುಲುಕಿ, ಗೋಡೆಗೆಲ್ಲ ರಕ್ತ ಹತ್ತಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿದಳು. ಇದು ನನಗೆ ತುಂಬ ಹಿಡಿಸಿತು. ಆಮೇಲೆ 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡುತ್ತಾರೆ. ಟಿಬಿ ಬ್ಯಾಕ್ಟೀರಿಯಾವನ್ನು ಮೊದಲೇ ಕಂಡಿರುವ ಟಿ-ಕೋಶಗಳು (ರಕ್ತದಲ್ಲಿರುವ ರೋಗನಿರೋಧಕ ಕೋಶಗಳು) ಆ ಪ್ರೋಟೀನ್ ಕಂಡೊಡನೆ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನ್ ಬಿಡುತ್ತವೆ. ಅದನ್ನೇ ಅಳೆಯುವುದು.

ಮಿಲಿಲೀಟರಿಗೆ 0.35 ಅಂತರರಾಷ್ಟ್ರೀಯ ಯೂನಿಟ್ ಗಡಿ, ನನ್ನದು 1.42. ಪಾಸಿಟಿವ್.

ಬೇಜಾರಾಗಿದ್ದು ಲ್ಯಾಬಿನ ಕೌಂಟರಿನಲ್ಲಿ. "ನಿಮಗೆ ಟಿಬಿ ಇದೆ ಮೇಡಂ" ಅಂತ ಎಲ್ಲರೆದುರು ಹೇಳಿಬಿಟ್ಟರು. ಅದು ತಪ್ಪು. ಸೋಂಕು ತಗುಲಿದೆ ಅಂತಷ್ಟೇ ಈ ಪರೀಕ್ಷೆ ಹೇಳುತ್ತದೆ. ಒಳಗೆ ಸುಮ್ನೆ ಮಲಗಿರುವ ಸೋಂಕೋ, ಕಾಯಿಲೆಯೋ ಅಂತ ಹೇಳಲು ಇದಕ್ಕೆ ಆಗುವುದಿಲ್ಲ. ಅದಕ್ಕೆ ಎಕ್ಸ್‌ರೇ, ಕಫ ಪರೀಕ್ಷೆ ಬೇಕು. ರಿಪೋರ್ಟಿನಲ್ಲೂ ಈ ಒಂದು ಸಾಲು ದಪ್ಪಕ್ಷರದಲ್ಲಿ ಇರಬೇಕಿತ್ತು. ಮಲಗಿರುವ ಸೋಂಕು ಮುಂದೆ ಕಾಯಿಲೆಯಾಗದಿರಲಿ ಅಂತ ಡಾಕ್ಟರು ವಾರಕ್ಕೊಮ್ಮೆಯಂತೆ 12 ವಾರ ತಗೊಳ್ಳುವ 3ಎಚ್‌ಪಿ (ಐಸೋನಿಯಾಜಿಡ್, ರಿಫಾಪೆಂಟೀನ್) ಮಾತ್ರೆ ಶುರು ಮಾಡಿದರು.

ಪರೀಕ್ಷೆಗೆ ಐದಕ್ಕೆ ನಾಲ್ಕು ಅಂಕ. ಒಂದು ಕಳೆದಿದ್ದು ಬೆಲೆಗೆ, ದೊಡ್ಡ ಕುಟುಂಬಕ್ಕೆಲ್ಲ ಮಾಡಿಸುವುದು ಕಷ್ಟ. ಇವೇ ಎರಡು ಪ್ರೋಟೀನ್ ಬಳಸುವ ಸೈ-ಟಿಬಿ ಚರ್ಮ ಪರೀಕ್ಷೆಯೂ ಈಗ ಇದೆ. ಮೊದಲು ಸರ್ಕಾರಿ ಟಿಬಿ ಕೇಂದ್ರದಲ್ಲಿ ಅದನ್ನು ಕೇಳಿ ನೋಡಿ.